ಮೂರು ಕಾಟ್, ಐದು ಹುಡುಗಿಯರು: ಹಾಸ್ಟೆಲ್ ಖೋಲಿ ಪಟ್ಟಿ ಗೋಡೆಗೆ ಹಚ್ಚಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಾನು ಶಹಾಪುರದಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಮನೆಯ ಮುಂದಿನ ಖೋಲಿಯಲ್ಲೇ ಮಷಿನ್ ಇದೆ. ಚೂಡಿದಾರ, ಕುಪ್ಪಸ, ಶಾಲೆ ಮಕ್ಕಳ ಯೂನಿಫಾರಂ ಹೊಲಿದು ಮನೆ ನಡೆಸುತ್ತೇನೆ. ನನ್ನ ದೊಡ್ಡ ಮಗಳು ಕಲಬುರಗಿಯಲ್ಲಿ ಬಿಎಸ್ಸಿ ಓದುತ್ತಾಳೆ, ಅಲ್ಲಿಯೇ ಮೆಟ್ರಿಕ್ ನಂತರದ ಬಾಲಕಿಯರ ಸರ್ಕಾರಿ ಹಾಸ್ಟೆಲ್‌ನಲ್ಲಿ ಇದ್ದಾಳೆ. ಈಗ ಮತ್ತೆ ಕಾಲೇಜು ಪ್ರವೇಶದ ಸಮಯ. ಹೊಸ ಮಕ್ಕಳು ಟ್ರಂಕ್ ಹಿಡಿದು ಬರುವ ಮೊದಲೇ ಹಾಸ್ಟೆಲ್‌ನಲ್ಲಿ ಮಲಗುವ ಜಾಗದ ಬಗ್ಗೆ, ಖೋಲಿ ಹಂಚುವ ರೀತಿಯ ಬಗ್ಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಯಾವ ಹಾಸ್ಟೆಲ್ ಅಂತ ಬರೆಯುವುದಿಲ್ಲ. ಒಂದು ಹಾಸ್ಟೆಲ್‌ನವರನ್ನು ಬೈದರೆ ಆಗುವುದೂ ಏನಿಲ್ಲ. ಜೇವರ್ಗಿ, ಚಿತ್ತಾಪುರ, ಸೇಡಂ ಕಡೆಯ ಎಷ್ಟೋ ತಾಯಂದಿರು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತು ಇದೇ ಮಾತು ಹೇಳಿದ್ದಾರೆ.

ಹೋದ ವರ್ಷ ದಸರಾ ರಜೆ ಮುಗಿದ ಮೇಲೆ ಮಗಳ ಸಾಮಾನು ಇಡಲು ನಾನೇ ಹೋಗಿದ್ದೆ. ತಾಯಂದಿರನ್ನು ಒಳಗೆ ಬಿಟ್ಟರು. ಖೋಲಿ ನೋಡಿದೆ. ಐದು ಕಾಟ್ ಇದ್ದವು. ಬಾಗಿಲ ಹಿಂದೆ ಟ್ರಂಕಿನ ಮೇಲೆ ಟ್ರಂಕು, ಅದರ ಮೇಲೆ ಬಕೆಟ್. ಹುಡುಗಿಯರನ್ನು ಎಣಿಸಿದೆ. ನನ್ನ ಮಗಳೂ ಸೇರಿ ಒಂಬತ್ತು ಮಂದಿ. ಇಬ್ಬರು ಸೀನಿಯರ್ ಹುಡುಗಿಯರಿಗೆ ಒಂದೊಂದು ಕಾಟ್. ಇಬ್ಬರು ಕೆಳಗೆ ಫರಸಿ ಮೇಲೆ. ಉಳಿದ ಮೂರು ಕಾಟ್ ಒಂದಕ್ಕೊಂದು ಕೂಡಿಸಿ ಅದರ ಮೇಲೆ ಐದು ಮಂದಿ ಪಕ್ಕಪಕ್ಕ ಸಾಲಾಗಿ ಮಲಗಬೇಕು. ನನ್ನ ಮಗಳು ಈ ಐವರಲ್ಲಿ ಒಬ್ಬಳು.

ನನ್ನ ಚೀಲದಲ್ಲಿ ಅಳತೆ ಟೇಪ್ ಯಾವಾಗಲೂ ಇರುತ್ತದೆ. ತೆಗೆದು ಅಳೆದೆ. ಒಂದು ಕಾಟ್ ಎರಡೂವರೆ ಅಡಿ ಅಗಲ. ಮೂರು ಕಾಟ್ ಅಂದರೆ 90 ಇಂಚು. ಐದು ಮಂದಿಗೆ ಹಂಚಿದರೆ ಒಬ್ಬಳಿಗೆ 18 ಇಂಚು. ಇದು ನನಗೆ ದಿನಾ ಕೈಗೆ ಸಿಗುವ ಅಳತೆ. 34 ಎದೆ ಸುತ್ತಳತೆಯ ಚೂಡಿದಾರ ಹೊಲಿದು, ಇಸ್ತ್ರಿ ಮಾಡಿ ಟೇಬಲ್ ಮೇಲೆ ಹರಡಿದರೆ ಅದರ ಎದೆಯ ಅಗಲ ಸರಿಯಾಗಿ 18 ಇಂಚು ಬರುತ್ತದೆ. ನನ್ನ ಮಗಳ ಅಳತೆಯೂ ಅದೇ. ಅಂದರೆ ಅವಳ ಅಂಗಿ ಹಾಸಿದಷ್ಟೇ ಜಾಗದಲ್ಲಿ ಅವಳು ಮಲಗಬೇಕು. ಮಗ್ಗುಲು ಬದಲಿಸಬೇಕಾದರೆ ಪಕ್ಕದವಳನ್ನು ಎಬ್ಬಿಸಬೇಕು.

ಇನ್ನೊಂದು ತೊಂದರೆ ನನಗೆ ಆ ದಿನ ಹೊಳೆದಿರಲಿಲ್ಲ. ದೀಪಾವಳಿಗೆ ಬಂದಾಗ ಮಗಳು ಬೆನ್ನು ನೋಯುತ್ತದೆ ಅಂದಳು. ಬಿಡಿಸಿ ಕೇಳಿದರೆ ಹೇಳಿದಳು. ಕಾಟ್ ಕೂಡಿಸಿದ ಕಡೆ ಸಂದಿ ಇರುತ್ತದಲ್ಲ, ಮೂರು ಕಾಟ್‌ಗೆ ಎರಡು ಸಂದಿ. ಐವರಲ್ಲಿ ಎರಡನೆಯವಳ ಮತ್ತು ನಾಲ್ಕನೆಯವಳ ಬೆನ್ನು ಸರಿಯಾಗಿ ಆ ಸಂದಿಯ ಮೇಲೆ ಬರುತ್ತದೆ. ಕಬ್ಬಿಣದ ಪಟ್ಟಿ ಒತ್ತುತ್ತದೆ. ಜಾಸ್ತಿ ಹೊರಳಾಡಿದರೆ ಕಾಟ್ ಸರಿದು ಸಂದಿ ಇನ್ನಷ್ಟು ಬಾಯಿ ಬಿಡುತ್ತದೆ. ಪಾಪ, ಹುಡುಗಿಯರು ತಾವೇ ಪಾಳಿ ಮಾಡಿಕೊಂಡಿದ್ದಾರೆ. ದಿನಾ ಎಲ್ಲರೂ ಒಂದೊಂದು ಜಾಗ ಸರಿಯುತ್ತಾರೆ. ಹಾಗಾಗಿ ಐದು ರಾತ್ರಿಯಲ್ಲಿ ಎರಡು ರಾತ್ರಿ ಸಂದಿ ಪಾಲಿಗೆ ಬರುತ್ತದೆ. "ಅವ್ವಾ, ಪರೀಕ್ಷಾ ಹಿಂದಿನ ದಿನ ಯಾರದು ಪರೀಕ್ಷಾ ಅದನೋ ಅಕಿಗೆ ಸಂದಿ ಕೊಡಂಗಿಲ್ಲ" ಅಂತ ಮಗಳು ಹೇಳಿದಳು. ಹದಿನೆಂಟು ವರ್ಷದ ಮಕ್ಕಳು ತಮ್ಮತಮ್ಮಲ್ಲೇ ಇಷ್ಟು ನ್ಯಾಯ ಮಾಡಿಕೊಂಡಿದ್ದಾರೆ. ಅದನ್ನು ಕೇಳಿ ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು.

ಅವಳು ಹೋಗುವಾಗ ನಾನು ಹೊಸ ಗಾದಿ ಮಾಡಿಸಿ ಕೊಟ್ಟಿದ್ದೆ. ನಮ್ಮ ಕಡೆ ಹತ್ತಿ ಬೆಳೆಯುತ್ತಾರೆ, ಒಳ್ಳೆಯ ಹತ್ತಿ ಹಾಕಿಸಿದ್ದೆ. ಆ ಗಾದಿ ಎರಡೂವರೆ ಅಡಿ ಅಗಲ. ಹದಿನೆಂಟು ಇಂಚಿನಲ್ಲಿ ಅದನ್ನು ಹಾಸಲು ಬರುವುದಿಲ್ಲ. ಸುತ್ತಿ ಟ್ರಂಕಿನ ಮೇಲೆ ಇಟ್ಟಿದ್ದಾಳೆ, ಕೌದಿ ಹಾಸಿ ಮಲಗುತ್ತಾಳೆ. ದೀಪಾವಳಿ ಮುಗಿಸಿ ಹೋಗುವಾಗ ನಾನು ಎರಡು ಉದ್ದನೆಯ ದಿಂಬು ಹೊಲಿದೆ. ಆರು ಅಡಿ ಉದ್ದ, ನಾಲ್ಕು ಇಂಚು ದಪ್ಪ. ಗಟ್ಟಿಯಾದ ಗಾದಿ ಬಟ್ಟೆ, ಒಳಗೆ ಒತ್ತಿ ತುಂಬಿದ ಹತ್ತಿ. ಎರಡೂ ಕಡೆ ಕಟ್ಟುವ ಲಾಡಿ ಹಚ್ಚಿದೆ. ಸಂದಿಯಲ್ಲಿ ತುರುಕಿ ಕಾಟಿನ ಕಾಲಿಗೆ ಕಟ್ಟಿದರೆ ಸರಿಯುವುದಿಲ್ಲ. ಒಂದು ವಾರಕ್ಕೆ ಫೋನ್ ಬಂತು. ಪಕ್ಕದ ಖೋಲಿಯವರೂ ಬೇಕು ಅಂದರಂತೆ. ಹೀಗೆ ಒಟ್ಟು ಹದಿಮೂರು ದಿಂಬು ಹೊಲಿದಿದ್ದೇನೆ. ಬಟ್ಟೆಯ ದುಡ್ಡು ಬಿಟ್ಟು ಯಾರ ಹತ್ತಿರವೂ ಏನೂ ತೆಗೆದುಕೊಂಡಿಲ್ಲ. ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಕಾಟಿನ ಸಂದಿಗೆ ದಿಂಬು ಹೊಲಿಯುವ ಕೆಲಸ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಜಾಗ ಕಡಿಮೆ ಇದೆ, ಮಕ್ಕಳು ಜಾಸ್ತಿ ಇದ್ದಾರೆ. ಅದು ಅರ್ಥವಾಗುತ್ತದೆ. ಹಾಸ್ಟೆಲ್ ಬೋರ್ಡಿನ ಮೇಲೆ ಮಂಜೂರಾದ ಸಂಖ್ಯೆ 60 ಅಂತ ಬರೆದಿದೆ. ಹನ್ನೆರಡು ಖೋಲಿ, ಖೋಲಿಗೆ ಐದು. ಲೆಕ್ಕ ಸರಿ ಇದೆ. ಈಗ ಇರುವವರು ನೂರಕ್ಕೂ ಜಾಸ್ತಿ. ವಾರ್ಡನ್ ಮೇಡಂ ಕೆಟ್ಟವರಲ್ಲ. ಅವರಿಗೆ ಇನ್ನೊಂದು ಹಾಸ್ಟೆಲ್‌ನ ಹೊಣೆಯೂ ಇದೆ, ದಿನ ಬಿಟ್ಟು ದಿನ ಬರುತ್ತಾರೆ. ನಾನು ಕೇಳಿದಾಗ, "ಏನ್ ಮಾಡ್ಲಿ ಅಕ್ಕಾ, ಲಿಸ್ಟ್ ಮ್ಯಾಲಿಂದ ಬರ್ತದ, ಖೋಲಿ ಹನ್ನೆರಡೇ ಅವ" ಅಂದರು. ಬಂದ ಮಗುವನ್ನು ವಾಪಸ್ ಕಳಿಸಿದರೆ ಅದು ಓದು ಬಿಟ್ಟು ಮನೆಯಲ್ಲಿ ಕೂರುತ್ತದೆ ಅನ್ನುವುದು ಅವರಿಗೂ ಗೊತ್ತು. ಆ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಒಂಬತ್ತು ಮಂದಿಯಲ್ಲಿ ನಾಲ್ವರನ್ನು ಹೊರಗೆ ಹಾಕಿ, ನನ್ನ ಮಗಳಿಗೆ ಕಾಟ್ ಕೊಡಿ ಅಂತ ನಾನು ಕೇಳುತ್ತಿಲ್ಲ.

ನಾನು ಕೇಳುವುದು ಖೋಲಿ ಹಂಚುವ ರೀತಿಯ ಬಗ್ಗೆ.

ಹಾಸ್ಟೆಲ್ ಸೀಟು ಹೇಗೆ ಸಿಗುತ್ತದೆ ನೋಡಿ. ರಾಜ್ಯದ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಧಾರ್, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಅಂಕಪಟ್ಟಿ, ಕಾಲೇಜಿಗೆ ಸೇರಿದ ದಾಖಲೆ ಎಲ್ಲ ಕೊಡಬೇಕು. ನಾವು ಸೈಬರ್ ಅಂಗಡಿಯಲ್ಲಿ ಎರಡು ದಿನ ಕೂತು ಹಾಕಿಸಿದೆವು. ಆದಾಯ ಪತ್ರಕ್ಕೆ ನಾಡಕಚೇರಿಗೆ ಬೇರೆ ಅಲೆದೆವು. ಇರಲಿ, ಅದರಲ್ಲಿ ಒಂದು ಕ್ರಮ ಇದೆ. ಅಂಕ ನೋಡುತ್ತಾರೆ, ಮೀಸಲಾತಿ ನೋಡುತ್ತಾರೆ, ಆಯ್ಕೆಪಟ್ಟಿ ಬರುತ್ತದೆ. ಹೆಸರು ಇದೆಯೋ ಇಲ್ಲವೋ ಯಾರು ಬೇಕಾದರೂ ನೋಡಬಹುದು. ಹಾಸ್ಟೆಲ್ ಗೇಟಿನ ತನಕ ಎಲ್ಲ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ. ಗೇಟಿನ ಒಳಗೆ ಹೋದ ಮೇಲೆ ಯಾರಿಗೆ ಯಾವ ಖೋಲಿ ಅನ್ನುವುದು ಒಂದು ನೋಟ್‌ಬುಕ್‌ನಲ್ಲಿ ಇರುತ್ತದೆ. ಆ ನೋಟ್‌ಬುಕ್ ನಮಗೆ ತೋರಿಸುವುದಿಲ್ಲ. ಅದರಲ್ಲಿ ಬರೆದಿದ್ದು ಪೆನ್ಸಿಲ್‌ನಲ್ಲಿ.

ನನ್ನ ಮಗಳಿಗೆ ಮೊದಲು ಕೊಟ್ಟಿದ್ದು ಕೆಳಗಿನ ನಾಲ್ಕನೇ ನಂಬರ್ ಖೋಲಿ. ಅಲ್ಲಿ ಏಳು ಮಂದಿ ಇದ್ದರು, ಕಿಟಕಿ ದೊಡ್ಡದಿತ್ತು. ಸುರಪುರದ ಒಬ್ಬ ಹುಡುಗಿಯ ಜೊತೆ ಒಂದೇ ಕಾಟ್ ಹಂಚಿಕೊಂಡಿದ್ದಳು, ಇಬ್ಬರದೂ ಒಂದೇ ಕ್ಲಾಸು. ಹದಿನೇಳನೇ ದಿನ ಕಾಲೇಜಿನಿಂದ ಬಂದರೆ ಟ್ರಂಕು ಹೊರಗೆ ವರಾಂಡದಲ್ಲಿ ಇತ್ತು. ಮೇಲಿನ ಹನ್ನೊಂದಕ್ಕೆ ಹೋಗು ಅಂದರು. ಯಾಕೆ ಅಂತ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಅದೇ ಸಂಜೆ ಬೇರೆ ಹುಡುಗಿ ನಾಲ್ಕನೇ ಖೋಲಿಗೆ ಬಂದಳಂತೆ. ದಸರಾ ರಜೆ ಮುಗಿಸಿ ಹೋದಾಗ ಮತ್ತೆ ಬದಲು, ಏಳನೇ ಖೋಲಿ. ಈಗ ಇರುವುದು ಅದೇ, ಒಂಬತ್ತು ಮಂದಿಯ ಖೋಲಿ. ಒಂದೂವರೆ ತಿಂಗಳಲ್ಲಿ ಮೂರು ಖೋಲಿ. ಮೂರು ಸಲವೂ ಯಾರೂ ಕೇಳಲಿಲ್ಲ, ಮುಂಚೆ ಹೇಳಲಿಲ್ಲ, ಕಾರಣ ಕೊಡಲಿಲ್ಲ.

ಕಾರಣ ಹೇಳದಿದ್ದರೆ ಮಕ್ಕಳು ಏನು ಅಂದುಕೊಳ್ಳುತ್ತಾರೆ? ಯಾರದೋ ಫೋನ್ ಬಂದಿರಬೇಕು, ಯಾರೋ ಹೇಳಿಸಿರಬೇಕು ಅಂತ. ಅದು ನಿಜವೋ ಸುಳ್ಳೋ, ಆ ಅನುಮಾನ ಒಂದು ಸಲ ಹೊಕ್ಕರೆ ಒಂದೇ ಖೋಲಿಯ ಹುಡುಗಿಯರ ನಡುವೆ ಮನಸ್ಸು ಕೆಡುತ್ತದೆ. ನನ್ನ ಮಗಳು ಒಂದು ತಿಂಗಳು ನಾಲ್ಕನೇ ಖೋಲಿಗೆ ಬಂದ ಆ ಹುಡುಗಿಯನ್ನು ಮಾತಾಡಿಸಿರಲಿಲ್ಲ. ಅವಳದ್ದೇನು ತಪ್ಪು? ಆಮೇಲೆ ಗೊತ್ತಾಯಿತು, ಅವಳನ್ನೂ ಬೇರೆ ಖೋಲಿಯಿಂದ ಹಾಗೆಯೇ ಎಬ್ಬಿಸಿದ್ದರು.

ಚಿತ್ತಾಪುರ ಕಡೆಯ ಒಬ್ಬ ಹುಡುಗಿಗೆ ಒಂದು ಕಾಲು ಸರಿಯಿಲ್ಲ. ಅವಳಿಗೆ ಮೇಲಿನ ಮಹಡಿ. ಬಚ್ಚಲು, ಊಟದ ಹಾಲ್ ಎರಡೂ ಕೆಳಗೆ. ಗೋಡೆಗೆ ಕೈ ಕೊಟ್ಟುಕೊಂಡು ದಿನಕ್ಕೆ ಏಳೆಂಟು ಸಲ ಮೆಟ್ಟಿಲು ಇಳಿದು ಹತ್ತುತ್ತಾಳೆ. ಬೇರೆ ಹುಡುಗಿಯರು ಅವಳ ಬಕೆಟ್ ಹಿಡಿದುಕೊಂಡು ಬರುತ್ತಾರೆ. ಅಂಗವಿಕಲರ ಹಕ್ಕಿಗೆ 2016ರಲ್ಲೇ ಕಾಯ್ದೆ ಆಗಿದೆ. ಕಾಯ್ದೆ ಬಿಡಿ, ಕೆಳಗಿನ ಖೋಲಿಯ ಒಬ್ಬಳನ್ನು ಮೇಲೆ ಕಳಿಸಿ ಇವಳನ್ನು ಕೆಳಗೆ ತರಲು ಒಂದು ರೂಪಾಯಿ ಖರ್ಚಿಲ್ಲ, ಅಲ್ವಾ? ಖೋಲಿ ಹಂಚುವ ಮೊದಲು ಯಾರಿಗೆ ಏನು ತೊಂದರೆ ಇದೆ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಒಂಬತ್ತು ಮಂದಿಯನ್ನು ಹಾಕುವುದೇ ಆದರೆ ಯಾರ ಜೊತೆ ಯಾರು ಅನ್ನುವುದಾದರೂ ನೋಡಬೇಕು. ನನ್ನ ಮಗಳ ಖೋಲಿಯಲ್ಲಿ ಒಬ್ಬಳು ನರ್ಸಿಂಗ್. ಡ್ಯೂಟಿ ಮುಗಿಸಿ ರಾತ್ರಿ ಬರುತ್ತಾಳೆ, ಬಂದು ಊಟ ಮಾಡಿ ಹನ್ನೆರಡರ ತನಕ ಓದುತ್ತಾಳೆ. ಸೀನಿಯರ್ ಒಬ್ಬಳು ಸರ್ಕಾರಿ ಕೆಲಸದ ಪರೀಕ್ಷೆಗೆ ತಯಾರಿ ಮಾಡುತ್ತಾಳೆ, ಮುಂಜಾನೆ ನಾಲ್ಕಕ್ಕೆ ಏಳುತ್ತಾಳೆ. ಖೋಲಿಗೆ ಒಂದೇ ಟ್ಯೂಬ್‌ಲೈಟ್. ಅಂದರೆ ದೀಪ ಆರಿರುವುದು ನಾಲ್ಕು ತಾಸು. ನಡುವೆ ಉಳಿದವರ ನಿದ್ದೆ. ಈ ಇಬ್ಬರೂ ಕಷ್ಟಪಟ್ಟು ಓದುವ ಮಕ್ಕಳು, ಅವರಿಗೆ ದೀಪ ಆರಿಸು ಅಂತ ಯಾವ ಬಾಯಿಂದ ಹೇಳುವುದು? ನರ್ಸಿಂಗ್ ಮಕ್ಕಳೆಲ್ಲ ಒಂದು ಕಡೆ, ಪರೀಕ್ಷೆ ಕಟ್ಟುವವರು ಒಂದು ಕಡೆ, ಮೊದಲ ವರ್ಷದವರು ಒಂದು ಕಡೆ ಇದ್ದರೆ ಅರ್ಧ ಜಗಳ ಇರುವುದಿಲ್ಲ. ಇದಕ್ಕೂ ದುಡ್ಡು ಬೇಡ. ಫಾರಂನಲ್ಲಿ ಕೋರ್ಸ್ ಯಾವುದು ಅಂತ ಬರೆದೇ ಇರುತ್ತೇವೆ.

ಬೇಸಿಗೆಯದು ಬೇರೆ ಕಥೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಒಂದು ಫ್ಯಾನ್ ಕೆಳಗೆ ಒಂಬತ್ತು ಮಂದಿ. ನಳದಲ್ಲಿ ನೀರು ಬರುವ ಹೊತ್ತಿಗೆ ಎದ್ದು ಸಾಲಿನಲ್ಲಿ ನಿಲ್ಲಬೇಕು. ಆ ತಿಂಗಳು ಮಗಳು ಎರಡು ಕಿಲೋ ಇಳಿದು ಬಂದಳು.

ದಿನಾ ಓಡಾಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ ಆಗಿದೆ. ಅದರಿಂದ ನಮ್ಮಂಥವರಿಗೆ ತುಂಬಾ ಅನುಕೂಲ ಆಗಿದೆ, ನಾನು ಮಗಳನ್ನು ತಿಂಗಳಿಗೊಮ್ಮೆ ನೋಡಿ ಬರುವುದು ಅದರಿಂದಲೇ. ಆದರೆ ಶಹಾಪುರದಿಂದ ಜೇವರ್ಗಿ ದಾಟಿ, ಭೀಮಾ ನದಿ ದಾಟಿ ಕಲಬುರಗಿ ಮುಟ್ಟಲು ಎರಡು ತಾಸು ಬೇಕು. ಬರಲು ಎರಡು ತಾಸು. ಪ್ರಾಕ್ಟಿಕಲ್ ಇದ್ದ ದಿನ ಮನೆ ಸೇರುವುದು ಕತ್ತಲಾದ ಮೇಲೆ. ಹಾಸ್ಟೆಲ್ ಪಟ್ಟಿ ಬರುವ ತನಕ ಮೊದಲ ಹದಿನೈದು ದಿನ ಹಾಗೇ ಓಡಾಡಿದಳು, ಜ್ವರ ಬಂತು. ಆಮೇಲೆ ಎರಡು ತಿಂಗಳು ಖಾಸಗಿ ಪಿಜಿಯಲ್ಲಿ ಇಟ್ಟೆವು. ತಿಂಗಳಿಗೆ ನಾಲ್ಕು ಸಾವಿರ. ಕಾಲೇಜು ಶುರುವಾದದ್ದು ಮೊದಲು, ಹಾಸ್ಟೆಲ್ ಪಟ್ಟಿ ಬಂದದ್ದು ಅದಾದ ಎರಡೂವರೆ ತಿಂಗಳ ಮೇಲೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಅಂತ ಊಟ, ಬಾಡಿಗೆಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡುವ ಯೋಜನೆ ಇದೆ. ಒಳ್ಳೆಯ ಯೋಜನೆ. ಆದರೆ ಕಲಬುರಗಿಯಲ್ಲಿ ಊಟ, ಬಾಡಿಗೆ ಎರಡೂ ಆ ದುಡ್ಡಿನಲ್ಲಿ ಆಗುವುದಿಲ್ಲ. ಅದಕ್ಕೇ ಮಕ್ಕಳು ಸಂದಿಯಲ್ಲಿ ಮಲಗಿದರೂ ಪರವಾಗಿಲ್ಲ, ಹಾಸ್ಟೆಲ್ಲೇ ಬೇಕು ಅನ್ನುತ್ತಾರೆ.

ಇಷ್ಟು ಕಷ್ಟಪಟ್ಟು ಯಾಕೆ ಓದಿಸಬೇಕು ಅಂತ ನಮ್ಮ ಓಣಿಯಲ್ಲೂ ಕೇಳುವವರಿದ್ದಾರೆ. ನಾನು 1999ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದೆ. ಆಗ ಶಹಾಪುರ ಗುಲ್ಬರ್ಗ ಜಿಲ್ಲೆಯಲ್ಲೇ ಇತ್ತು, ಯಾದಗಿರಿ ಜಿಲ್ಲೆ ಆದದ್ದು 2009ರ ಕೊನೆಗೆ. ನನಗೆ ಟೀಚರ್ ಆಗಬೇಕು ಅಂತ ಇತ್ತು. ಗುಲ್ಬರ್ಗದಲ್ಲಿ ಇರಲು ಜಾಗ ಸಿಗಲಿಲ್ಲ, ಅಪ್ಪ ಕಳಿಸಲಿಲ್ಲ. ಹೊಲಿಗೆ ಕಲಿತೆ. ಈ ಕೆಲಸ ನನಗೆ ಇಷ್ಟ, ದೂರು ಇಲ್ಲ. ಆದರೆ ಮಗಳ ವಿಷಯದಲ್ಲಿ ಜಾಗ ಇಲ್ಲ ಅನ್ನುವ ಆ ಮಾತನ್ನು ಮತ್ತೆ ಕೇಳಲು ನನ್ನಿಂದ ಆಗುವುದಿಲ್ಲ.

2025ರ ದ್ವಿತೀಯ ಪಿಯು ಮೊದಲ ಪರೀಕ್ಷೆಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಫಲಿತಾಂಶ ಶೇಕಡಾ 48.45. ರಾಜ್ಯದಲ್ಲೇ ಕೊನೆ. ಅದೇ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಕಲಬುರಗಿ ಜಿಲ್ಲೆ ಕೊನೆ. ಪ್ರತಿ ವರ್ಷ ಫಲಿತಾಂಶ ಬಂದ ದಿನ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂರುತ್ತೇವೆ, ಪತ್ರಿಕೆಯಲ್ಲಿ ದೊಡ್ಡದಾಗಿ ಬರುತ್ತದೆ. ಇಂಥ ಜಿಲ್ಲೆಯಿಂದ ಪಾಸಾಗಿ, ಅಪ್ಪ ಅವ್ವನನ್ನು ಒಪ್ಪಿಸಿ, ಪಟ್ಟಣಕ್ಕೆ ಬಂದ ಹುಡುಗಿ ಎಷ್ಟು ಗಟ್ಟಿಗಿತ್ತಿ ಇರಬೇಕು, ಯೋಚಿಸಿ. ಅವಳನ್ನು ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಮೊದಲ ಕೆಲಸ. ನನ್ನ ಮಗಳ ಜೊತೆ ಸೇರಿದವರಲ್ಲಿ ಇಬ್ಬರು ಎರಡನೇ ಸೆಮಿಸ್ಟರ್‌ಗೆ ವಾಪಸ್ ಬರಲಿಲ್ಲ. ಒಬ್ಬಳ ಮದುವೆ ಆಯಿತು. ಇನ್ನೊಬ್ಬಳು, ಖೋಲಿ ಬದಲಿಸಿ ಬದಲಿಸಿ ಸಾಕಾಯಿತು, ಮನೆಯಿಂದಲೇ ಪರೀಕ್ಷೆ ಕಟ್ಟುತ್ತೇನೆ ಅಂತ ಹೋದಳು. ಕಟ್ಟಿಲ್ಲ.

ಸಂವಿಧಾನದ 371(ಜೆ) ನಮ್ಮ ಭಾಗಕ್ಕೆ ಬಂದಿದ್ದು ದೊಡ್ಡ ಹೋರಾಟದಿಂದ. ಅದರಿಂದ ನಮ್ಮ ಮಕ್ಕಳಿಗೆ ಕಾಲೇಜು ಸೀಟು, ಕೆಲಸ ಸಿಗುತ್ತಿದೆ. ನನ್ನ ಅಣ್ಣನ ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದೂ ಅದರಲ್ಲೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಘೋಷಣೆ ಆಗಿದ್ದನ್ನು ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಸೀಟು ಹೆಚ್ಚಾದ ಮೇಲೆ ಮಲಗುವ ಜಾಗವೂ ಅದೇ ಲೆಕ್ಕದಲ್ಲಿ ಹೆಚ್ಚಾಗಬೇಕು. ಹೊಸ ಹಾಸ್ಟೆಲ್ ಕಟ್ಟಡಕ್ಕೆ ಈ ದುಡ್ಡಿನಲ್ಲಿ ಮೊದಲ ಪಾಲು ಇಡಲಿ ಅಂತ ನಮ್ಮ ಶಾಸಕರಲ್ಲಿ, ಮಂತ್ರಿಗಳಲ್ಲಿ ಕೈ ಮುಗಿದು ಕೇಳುತ್ತೇನೆ.

ಕಟ್ಟಡ ಏಳಲು ಮೂರು ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ನನ್ನ ಮಗಳ ಓದೇ ಮುಗಿದಿರುತ್ತದೆ. ಅದಕ್ಕೆ ಈ ವರ್ಷವೇ ಆಗುವ ಕೆಲಸ ಹೇಳುತ್ತೇನೆ. ನಮ್ಮೂರಿನ ವೆಲ್ಡಿಂಗ್ ಅಂಗಡಿಯವರನ್ನು ಕೇಳಿದೆ. ಈಗಿರುವ ಕಾಟಿನ ನಾಲ್ಕೂ ಕಾಲಿಗೆ ಪೈಪ್ ಜೋಡಿಸಿ, ಮೇಲೆ ಇನ್ನೊಂದು ಕಾಟ್ ಕೂರಿಸಿ, ಪಕ್ಕದಲ್ಲಿ ಏಣಿ ಹಚ್ಚಲು ಬರುತ್ತದಂತೆ, ರೈಲಿನ ಬರ್ತ್ ಇದ್ದ ಹಾಗೆ. ಒಂದಕ್ಕೆ ಐದಾರು ಸಾವಿರ ಆಗಬಹುದು ಅಂದರು. ಖೋಲಿಯ ಮಾಳಿಗೆ ಎತ್ತರ ಇದೆ, ನಾನು ನೋಡಿದ್ದೇನೆ. ಐದು ಕಾಟ್ ಇದ್ದ ಕಡೆ ಹತ್ತು ಆಗುತ್ತದೆ. ಒಂಬತ್ತು ಮಂದಿಗೂ ಒಬ್ಬೊಬ್ಬರಿಗೆ ಪೂರ್ತಿ ಎರಡೂವರೆ ಅಡಿ. ಫ್ಯಾನ್ ಮಾತ್ರ ಮೇಲಿನಿಂದ ತೆಗೆದು ಗೋಡೆಗೆ ಹಾಕಬೇಕು, ಇಲ್ಲದಿದ್ದರೆ ಮೇಲೆ ಮಲಗಿದವರ ಕೈಗೆ ತಾಗುತ್ತದೆ. ಹೆಣ್ಣುಮಕ್ಕಳಿಗೆ ತನ್ನದು ಅಂತ ಒಂದು ಕಾಟ್ ಇದ್ದರೆ ಅದರ ಧೈರ್ಯವೇ ಬೇರೆ.

ಎರಡನೆಯದು ಖೋಲಿ ಪಟ್ಟಿ. ಆಯ್ಕೆಪಟ್ಟಿ ಹಾಕುವ ಹಾಗೆಯೇ ಖೋಲಿ ನಂಬರ್, ಕಾಟ್ ನಂಬರ್, ಹೆಸರು, ಕೋರ್ಸ್ ಬರೆದು ನೋಟಿಸ್ ಬೋರ್ಡಿಗೆ ಹಚ್ಚಲಿ. ಪೆನ್ನಿನಲ್ಲಿ ಬರೆಯಲಿ. ಬದಲಿಸಬೇಕಾದರೆ ಒಂದು ವಾರ ಮುಂಚೆ ಹೇಳಲಿ, ಕಾರಣವನ್ನು ಅಲ್ಲಿಯೇ ಬರೆಯಲಿ. ಯಾರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಯಾರಿಗೆ ದಮ್ಮು ಇದೆ ಅಂತ ಸೇರುವ ದಿನವೇ ಕೇಳಿ ಅವರಿಗೆ ಕೆಳಗಿನ ಖೋಲಿ, ಗಾಳಿ ಬರುವ ಜಾಗ ಮೊದಲು ಕೊಡಲಿ. ಹುಡುಗಿಯರು ಸಂದಿಯ ಪಾಳಿಯನ್ನೇ ಜಗಳ ಇಲ್ಲದೆ ನಡೆಸುತ್ತಿದ್ದಾರೆ. ಅವರಲ್ಲೇ ನಾಲ್ವರನ್ನು ಕೂರಿಸಿಕೊಂಡು ಖೋಲಿ ಹಂಚಿದರೆ ವಾರ್ಡನ್ ಮೇಡಂಗೂ ಭಾರ ಕಡಿಮೆ ಆಗುತ್ತದೆ.

ಮತ್ತೆ, ಹಾಸ್ಟೆಲ್ ಆಯ್ಕೆಪಟ್ಟಿ ಕಾಲೇಜು ಶುರುವಾಗುವ ವಾರವೇ ಬರಲಿ. ಎರಡು ತಿಂಗಳ ಪಿಜಿ ದುಡ್ಡು ನಮಗೆ ಒಂದು ಹೊಲಿಗೆ ಮಷಿನ್‌ನ ದುಡ್ಡು.

ಕಳೆದ ವಾರ ಪಕ್ಕದ ಊರಿನ ಒಬ್ಬ ತಾಯಿ ಬಂದಿದ್ದರು. ಅವರ ಮಗಳು ಈ ವರ್ಷ ಕಲಬುರಗಿಗೆ ಹೋಗುತ್ತಾಳಂತೆ. ಯೂನಿಫಾರಂ ಅಳತೆ ಕೊಟ್ಟು, "ಅದೇನೋ ಸಂದಿ ದಿಂಬು ಹೊಲಿತೀರಂತಲ್ರೀ, ಅದೂ ಎರಡು ಇರಲಿ" ಅಂದರು. ಇನ್ನೂ ಖೋಲಿಯೇ ಸಿಕ್ಕಿಲ್ಲ, ಈಗಲೇ ಯಾಕೆ, ಸ್ವಲ್ಪ ತಡೆಯಿರಿ ಅಂತ ಹೇಳಿ ಕಳಿಸಿದ್ದೇನೆ. ಬಟ್ಟೆ ತಂದು ಇಟ್ಟಿದ್ದೇನೆ, ಕತ್ತರಿಸಿಲ್ಲ.

ನನ್ನ ಹೆಸರು, ಫೋನ್ ನಂಬರ್ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ದಯವಿಟ್ಟು ಪತ್ರಿಕೆಯಲ್ಲಿ ಹಾಕಬೇಡಿ. ಮಗಳು ಇನ್ನೂ ನಾಲ್ಕು ಸೆಮಿಸ್ಟರ್ ಅಲ್ಲಿಯೇ ಇರಬೇಕು.

ಇಂತಿ,
ಒಬ್ಬ ವಿದ್ಯಾರ್ಥಿನಿಯ ತಾಯಿ
ಶಹಾಪುರ, ಯಾದಗಿರಿ ಜಿಲ್ಲೆ